2147483647: ಗಣಿತಜ್ಞರ ಹೆಮ್ಮೆ, ಗಣಕಯಂತ್ರದ ಗಡಿ

ಕೆಲವು ವರ್ಷಗಳ ಹಿಂದಿನ ಮಾತು. ತನ್ನ ಮೊಬೈಲ್‌ಗೆ ಬರಬೇಕಿದ್ದ ಎಸ್‌ಎಂಎಸ್ ತಿಂಗಳುಗಟ್ಟಲೆ ಏಕೆ ಬರುತ್ತಿಲ್ಲ ಎಂದು ವಿಚಾರಿಸಲು ನಗರದ ಗ್ರಾಹಕ ಸೇವಾ ಕಚೇರಿಯೊಂದಕ್ಕೆ ಹೋಗಿದ್ದ ಈ ವರದಿಗಾರನ ಮುಂದೆ ಅಲ್ಲಿನ ಗುಮಾಸ್ತರು ಮುದ್ರಿತ ಪಟ್ಟಿಯೊಂದನ್ನು ಹರಡಿದರು. ಹೆಸರು, ವಿಳಾಸ, ಗ್ರಾಹಕ ಸಂಖ್ಯೆ ಎಲ್ಲವೂ ಸರಿಯಾಗಿದ್ದವು. ಆದರೆ ಮೊಬೈಲ್ ಸಂಖ್ಯೆಯ ಕಾಲಂನಲ್ಲಿ ಮೇಲಿನಿಂದ ಕೆಳಗಿನವರೆಗೆ ಎಲ್ಲ ಗ್ರಾಹಕರಿಗೂ ಒಂದೇ ಸಂಖ್ಯೆ: 2147483647. "ಅದು ಕಂಪ್ಯೂಟರೇ ಹಾಕೋದು ಸಾರ್, ನಾವು ಸರಿಯಾಗೇ ಎಂಟ್ರಿ ಮಾಡಿದೀವಿ" ಎಂಬುದು ಗುಮಾಸ್ತರ ಸಮಜಾಯಿಷಿ.

ಅವರು ಹೇಳಿದ್ದು ನಿಜವೇ ಆಗಿತ್ತು. ಆ ಸಂಖ್ಯೆಯನ್ನು ಯಾರೂ ಬೆರಳಚ್ಚು ಮಾಡಿರಲಿಲ್ಲ. ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ಮೂರು ಸಾವಿರದ ಆರುನೂರ ನಲವತ್ತೇಳು ಎಂಬ ಈ ಸಂಖ್ಯೆ ಸುಮಾರು ಇನ್ನೂರೈವತ್ತು ವರ್ಷಗಳಿಂದ ಗಣಿತಜ್ಞರಿಗೆ ಚಿರಪರಿಚಿತ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದೀಚೆಗೆ ಅದು ಗಣಕಯಂತ್ರಗಳ ಎಣಿಕೆಯ ಗಡಿಯೂ ಆಗಿದೆ. 2038ರ ಜನವರಿ 19ರ ಮಂಗಳವಾರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಭಾರತದಲ್ಲಿಯೂ ಈ ಗಡಿಯನ್ನು ಮುಟ್ಟಲಿರುವ ಯಂತ್ರಗಳ ಸಂಖ್ಯೆ ಕಡಿಮೆಯೇನಲ್ಲ. ಒಂದು ಸಂಖ್ಯೆಗೆ ಇಷ್ಟೊಂದು ಮಹತ್ವ ಬರಲು ಕಾರಣವೇನು ಎಂಬುದನ್ನು ತಿಳಿಯಲು ಅದರ ಹುಟ್ಟಿನಿಂದಲೇ ಆರಂಭಿಸಬೇಕು.

ಮೂವತ್ತೊಂದು ಮನೆಗಳ ಅಕ್ಕಿ

ಚದುರಂಗದ ಹಾಸಿನ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ಪ್ರತಿ ಮನೆಗೂ ದ್ವಿಗುಣಗೊಳಿಸುತ್ತ ಧಾನ್ಯ ಕೇಳಿದ ಜಾಣನ ಕಥೆ ಓದುಗರಿಗೆ ತಿಳಿದೇ ಇದೆ. ರಾಜನ ಉಗ್ರಾಣ ಬರಿದಾಗುವುದನ್ನು ಕಾಣಲು ಅರವತ್ನಾಲ್ಕು ಮನೆಗಳವರೆಗೂ ಹೋಗಬೇಕಾಗಿಲ್ಲ. ನಾಲ್ಕನೆಯ ಸಾಲು ಮುಗಿಯಲು ಒಂದು ಮನೆ ಬಾಕಿ ಇರುವಾಗ, ಅಂದರೆ 31 ಮನೆಗಳು ತುಂಬಿದಾಗ, ಹಾಸಿನ ಮೇಲಿರುವ ಒಟ್ಟು ಕಾಳುಗಳು ಸರಿಯಾಗಿ 2,14,74,83,647. ಒಂದು ಅಕ್ಕಿಕಾಳಿನ ತೂಕ 25 ಮಿಲಿಗ್ರಾಂ ಎಂದಿಟ್ಟುಕೊಂಡರೆ ಇದು 53 ಟನ್ನಿಗೂ ಅಧಿಕ. ಮುಂದಿನ ಒಂದೇ ಮನೆಗೆ ಇದಕ್ಕಿಂತ ಒಂದು ಕಾಳು ಹೆಚ್ಚು ಬೇಕು.

ಎರಡನ್ನು ಮೂವತ್ತೊಂದು ಬಾರಿ ಇಟ್ಟು ಗುಣಿಸಿ, ಬಂದ ಫಲದಿಂದ ಒಂದನ್ನು ಕಳೆದರೆ ದೊರೆಯುವುದೇ ಈ ಸಂಖ್ಯೆ. 0 ಮತ್ತು 1 ಎಂಬ ಎರಡೇ ಅಂಕಿಗಳ ದ್ವಿಮಾನ ಪದ್ಧತಿಯಲ್ಲಿ ಬರೆದರೆ ಮೂವತ್ತೊಂದು ಒಂದುಗಳ ಸಾಲಾಗುತ್ತದೆ, ನಡುವೆ ಒಂದೂ ಸೊನ್ನೆ ಇರುವುದಿಲ್ಲ. ಏಳು ಎಂಬುದು 111 ಆಗುವಂತೆ, ಮೂವತ್ತೊಂದು ಎಂಬುದು 11111 ಆಗುವಂತೆ. ಮುಂದೆ ಹೇಳಲಿರುವ ಎಲ್ಲ ಗುಣಗಳ ಮೂಲವೂ ಈ ಒಂದುಗಳ ಸಾಲೇ.

ಅವಿಭಾಜ್ಯವೇ, ಅಲ್ಲವೇ?

ತನ್ನಿಂದ ಮತ್ತು ಒಂದರಿಂದ ಹೊರತು ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆ ಅವಿಭಾಜ್ಯ. ಇಂತಹ ಒಂದುಗಳ ಸಾಲು ಯಾವಾಗ ಅವಿಭಾಜ್ಯವಾಗುತ್ತದೆ? ಸಾಲಿನ ಉದ್ದವೇ ಭಾಜ್ಯವಾಗಿದ್ದರೆ ಖಂಡಿತ ಆಗದು. ಆರು ಒಂದುಗಳ 111111 ಅನ್ನು ತೆಗೆದುಕೊಳ್ಳಿ. ಅದನ್ನು 111, 111 ಎಂದು ಎರಡು ತುಂಡಾಗಿ ನೋಡಿದರೆ 111ರಿಂದ, ಅಂದರೆ ಏಳರಿಂದ, ಭಾಗವಾಗುವುದು ಕಣ್ಣಿಗೇ ಕಾಣುತ್ತದೆ. ಆರು ಒಂದುಗಳ ಬೆಲೆ 63, ಅದು ಏಳರ ಒಂಬತ್ತರಷ್ಟು. ಆದ್ದರಿಂದ ಉದ್ದವು ಅವಿಭಾಜ್ಯವಾಗಿರಲೇಬೇಕು. ಆದರೆ ಅಷ್ಟೇ ಸಾಲದು ಎಂಬಲ್ಲಿ ಪ್ರಶ್ನೆ ಜಟಿಲವಾಗುತ್ತದೆ. ಹನ್ನೊಂದು ಅವಿಭಾಜ್ಯ, ಆದರೆ ಹನ್ನೊಂದು ಒಂದುಗಳ ಬೆಲೆಯಾದ 2047, 23 ಮತ್ತು 89ರ ಗುಣಲಬ್ಧ.

ಈ ವಿಷಯದಲ್ಲಿ ಎಡವಿದವರು ಸಾಮಾನ್ಯರಲ್ಲ. ಇಟಲಿಯ ಪಿಯೆತ್ರೊ ಕತಾಲ್ದಿ 1588ರಲ್ಲಿ 17 ಮತ್ತು 19 ಒಂದುಗಳ ಸಾಲುಗಳು ಅವಿಭಾಜ್ಯವೆಂದು ಶ್ರಮಪಟ್ಟು ತೋರಿಸಿದರು. ಅಲ್ಲಿಗೆ ನಿಲ್ಲದೆ 23, 29, 31 ಮತ್ತು 37ರ ಸಾಲುಗಳೂ ಹಾಗೆಯೇ ಎಂದು ಸಾರಿದರು. ನಾಲ್ಕರಲ್ಲಿ ಮೂರು ತಪ್ಪಾದವು. 23 ಒಂದುಗಳ 83,88,607 ಎಂಬ ಸಂಖ್ಯೆಯನ್ನು ಬರೀ 47 ಭಾಗಿಸುತ್ತದೆ. ಪ್ಯಾರಿಸ್ಸಿನ ಪಾದ್ರಿ ಮರಿನ್ ಮೆರ್ಸೆನ್ 1644ರಲ್ಲಿ 257ರವರೆಗಿನ ಪಟ್ಟಿಯನ್ನೇ ಪ್ರಕಟಿಸಿದರು. ಇಂದಿಗೂ ಇಂತಹ ಅವಿಭಾಜ್ಯಗಳಿಗೆ ಅವರದೇ ಹೆಸರು. ಆ ಪಟ್ಟಿಯಲ್ಲಿ 67 ಮತ್ತು 257 ಸೇರಬಾರದಾಗಿತ್ತು. 61, 89 ಮತ್ತು 107 ಬಿಟ್ಟುಹೋಗಿದ್ದವು. ಇಬ್ಬರ ಪಟ್ಟಿಯಲ್ಲಿಯೂ ಇದ್ದ 31 ಮಾತ್ರ ಸರಿಯೋ ತಪ್ಪೋ ಎಂದು ಯಾರಿಗೂ ತಿಳಿಯದೆ ಉಳಿಯಿತು.

ಉತ್ತರ ಬಂದದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಿಂದ. ಅಲ್ಲಿನ ವಿಜ್ಞಾನ ಅಕಾಡೆಮಿಯಲ್ಲಿದ್ದ ಲಿಯೊನಾರ್ಡ್ ಆಯ್ಲರ್ 1772ರಲ್ಲಿ ಬರ್ನೂಲಿಗೆ ಬರೆದ ಪತ್ರದಲ್ಲಿ ಈ ಸಂಖ್ಯೆ ಅವಿಭಾಜ್ಯವೆಂದು ತಾವು ಕಂಡುಕೊಂಡುದನ್ನು ತಿಳಿಸಿದರು. ಆ ವೇಳೆಗಾಗಲೇ ಅವರ ಎರಡೂ ಕಣ್ಣುಗಳ ದೃಷ್ಟಿ ಬಹುತೇಕ ನಷ್ಟವಾಗಿತ್ತು ಎಂಬುದನ್ನು ಇಲ್ಲಿ ನೆನೆಯಲೇಬೇಕು.

ಭಾಗಾಕಾರವನ್ನು ತಪ್ಪಿಸುವ ಉಪಾಯ

ಒಂದು ಸಂಖ್ಯೆ ಅವಿಭಾಜ್ಯವೆಂದು ತಿಳಿಯಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ನಮ್ಮ ಸಂಖ್ಯೆಯ ವರ್ಗಮೂಲ 46,340ಕ್ಕೆ ತುಸು ಹೆಚ್ಚು. ಅಲ್ಲಿಯವರೆಗೆ ಸುಮಾರು 4,800 ಅವಿಭಾಜ್ಯಗಳಿವೆ. ಹತ್ತಂಕಿಯ ಸಂಖ್ಯೆಯನ್ನು ಅಷ್ಟು ಬಾರಿ ಕೈಯಿಂದ ಭಾಗಿಸುವುದು ಅಸಾಧ್ಯವಲ್ಲದಿದ್ದರೂ ಒಂದು ತಪ್ಪಾದರೆ ಎಲ್ಲವೂ ವ್ಯರ್ಥ. ಈ ರಾಶಿಯನ್ನು ಜರಡಿ ಹಿಡಿದದ್ದರಲ್ಲಿ ಆಯ್ಲರ್ ಅವರ ಹೆಚ್ಚುಗಾರಿಕೆ ಇದೆ.

ಮೊದಲ ಜರಡಿ ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ಅವರಿಂದ ಬಂದದ್ದು. ಎರಡರ ಘಾತಗಳಾದ 2, 4, 8, 16, 32, 64 ಇವುಗಳನ್ನು ಏಳರಿಂದ ಭಾಗಿಸಿದಾಗ ಉಳಿಯುವ ಶೇಷಗಳನ್ನು ಬರೆಯಿರಿ: 2, 4, 1, 2, 4, 1. ಮೂರು ಹೆಜ್ಜೆಗೊಮ್ಮೆ ಚಕ್ರ ಮರಳಿ ಬರುತ್ತದೆ. ಯಾವುದೇ ಬೆಸ ಅವಿಭಾಜ್ಯದಿಂದ ಭಾಗಿಸಿದರೂ ಹೀಗೆ ಒಂದು ಚಕ್ರ ಮೂಡುತ್ತದೆ. ಆ ಚಕ್ರದ ಉದ್ದವು ಭಾಜಕಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಯನ್ನು ತಪ್ಪದೆ ಭಾಗಿಸುತ್ತದೆ. ಏಳರಲ್ಲಿ ಒಂದು ಕಳೆದರೆ ಆರು, ಆರನ್ನು ಮೂರು ಭಾಗಿಸುತ್ತದೆ. ಈಗ ಯಾವುದೋ ಅವಿಭಾಜ್ಯವೊಂದು 2147483647 ಅನ್ನು ಭಾಗಿಸುತ್ತದೆ ಎಂದಿಟ್ಟುಕೊಳ್ಳೋಣ. ಹಾಗಿದ್ದರೆ ಎರಡರ 31ನೇ ಘಾತವನ್ನು ಅದರಿಂದ ಭಾಗಿಸಿದಾಗ ಶೇಷ ಒಂದು ಉಳಿಯಬೇಕು, ಅಂದರೆ ಚಕ್ರದ ಉದ್ದ 31ನ್ನು ಭಾಗಿಸಬೇಕು. 31 ಅವಿಭಾಜ್ಯವಾದ್ದರಿಂದ ಚಕ್ರದ ಉದ್ದ 31 ಆಗದೆ ಗತಿಯಿಲ್ಲ. ಭಾಜಕ ಬೆಸಸಂಖ್ಯೆಯೂ ಆಗಿರುವುದರಿಂದ ಅದು 62ರ ಯಾವುದಾದರೊಂದು ಗುಣಕಕ್ಕಿಂತ ಒಂದು ಹೆಚ್ಚಿನದೇ ಆಗಿರಬೇಕು. ಹನ್ನೊಂದರ ಉದಾಹರಣೆಯಲ್ಲಿ ಇದನ್ನು ತಾಳೆ ನೋಡಬಹುದು: 23 ಎಂದರೆ 22ಕ್ಕಿಂತ ಒಂದು ಹೆಚ್ಚು, 89 ಎಂದರೆ 88ಕ್ಕಿಂತ ಒಂದು ಹೆಚ್ಚು.

ಎರಡನೆಯ ಜರಡಿ ಇನ್ನೂ ಸೂಕ್ಷ್ಮ. ಇಂತಹ ಭಾಜಕವನ್ನು ಎಂಟರಿಂದ ಭಾಗಿಸಿದರೆ ಶೇಷ ಒಂದು ಅಥವಾ ಏಳು ಮಾತ್ರ ಬರಬಲ್ಲದು. ಎರಡನ್ನೂ ಸೇರಿಸಿದಾಗ ಭಾಜಕವಾಗುವ ಅರ್ಹತೆ ಉಳಿಯುವುದು 248ರ ಗುಣಕಗಳಿಗೆ ಒಂದನ್ನೋ 63ನ್ನೋ ಕೂಡಿಸಿದರೆ ಬರುವ ಸಂಖ್ಯೆಗಳಿಗೆ ಮಾತ್ರ. 46,340ರವರೆಗೆ ಅಂತಹವು ಸುಮಾರು 370. ಅವುಗಳಲ್ಲಿಯೂ 63, 249 ಮುಂತಾದವು ತಾವೇ ಭಾಜ್ಯಗಳಾದ್ದರಿಂದ ಬಿಟ್ಟುಬಿಡಬಹುದು. ನಿಜವಾಗಿ ಪರೀಕ್ಷಿಸಬೇಕಾದ ಮೊದಲ ಸಂಖ್ಯೆ 311. ಅದರ ನಂತರದ್ದು ಒಮ್ಮೆಲೇ 1303! ಕೊನೆಗೆ ಉಳಿಯುವುದು ಸುಮಾರು ಎಂಬತ್ತು ಭಾಗಾಕಾರಗಳು. ನಾಲ್ಕೂ ಮುಕ್ಕಾಲು ಸಾವಿರದಿಂದ ಎಂಬತ್ತಕ್ಕೆ. ಒಂದೂ ನಿಶ್ಶೇಷವಾಗಲಿಲ್ಲ.

ಹೀಗೆ ಮನುಷ್ಯರಿಗೆ ತಿಳಿದಿದ್ದ ಅತಿ ದೊಡ್ಡ ಅವಿಭಾಜ್ಯವೆಂಬ ಪಟ್ಟ 2147483647ಕ್ಕೆ ದೊರೆಯಿತು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೂ ಆ ಪಟ್ಟ ಅಲುಗಲಿಲ್ಲ.

ಇದರೊಂದಿಗೆ ಇನ್ನೊಂದು ದಾಖಲೆಯೂ ತಾನಾಗಿ ಬಂತು. ತನ್ನ ಭಾಜಕಗಳ ಮೊತ್ತಕ್ಕೆ ತಾನೇ ಸಮವಾಗುವ ಸಂಖ್ಯೆಗೆ ಪರಿಪೂರ್ಣ ಸಂಖ್ಯೆ ಎನ್ನುತ್ತಾರೆ. ಒಂದು, ಎರಡು, ಮೂರು ಕೂಡಿ ಆರು. 1, 2, 4, 7, 14 ಕೂಡಿ 28. ಪ್ರತಿಯೊಂದು ಮೆರ್ಸೆನ್ ಅವಿಭಾಜ್ಯವೂ ಒಂದು ಪರಿಪೂರ್ಣ ಸಂಖ್ಯೆಯನ್ನು ಕೊಡುತ್ತದೆ ಎಂಬುದನ್ನು ಯೂಕ್ಲಿಡನೇ ತೋರಿಸಿದ್ದ. ನಮ್ಮ ಸಂಖ್ಯೆಯನ್ನು ಎರಡರ 30ನೇ ಘಾತದಿಂದ ಗುಣಿಸಿದರೆ ಬರುವ 2305843008139952128 ಎಂಬ ಹತ್ತೊಂಬತ್ತಂಕಿಯ ಸಂಖ್ಯೆ ಪರಿಪೂರ್ಣ. ಇಂಗ್ಲೆಂಡಿನ ಪೀಟರ್ ಬಾರ್ಲೊ 1811ರಲ್ಲಿ ಪ್ರಕಟಿಸಿದ ಸಂಖ್ಯಾಶಾಸ್ತ್ರದ ಪುಸ್ತಕದಲ್ಲಿ, ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯನ್ನು ಯಾರೂ ಎಂದಿಗೂ ಕಂಡುಹಿಡಿಯಲಾರರು, ಏಕೆಂದರೆ ಇವು ಕುತೂಹಲದ ವಸ್ತುಗಳೇ ಹೊರತು ಉಪಯುಕ್ತವಲ್ಲ, ಯಾರೂ ಅಷ್ಟು ಶ್ರಮಪಡಲಾರರು ಎಂಬ ಅರ್ಥದ ಮಾತನ್ನು ಬರೆದರು. ಭವಿಷ್ಯ ನುಡಿಯುವವರ ಪಾಡು ಯಾವ ಕಾಲಕ್ಕೂ ಒಂದೇ. 1876ರಲ್ಲಿ ಫ್ರಾನ್ಸಿನ ಎದ್ವಾರ್ ಲೂಕಾ 127 ಒಂದುಗಳ ಸಾಲು ಅವಿಭಾಜ್ಯವೆಂದು ಸಾಧಿಸಿದರು. 2024ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಮೆರ್ಸೆನ್ ಅವಿಭಾಜ್ಯದಲ್ಲಿ 13,62,79,841 ಒಂದುಗಳಿವೆ. ದಶಮಾನ ಪದ್ಧತಿಯಲ್ಲಿ ಅದನ್ನು ಬರೆಯಲು ನಾಲ್ಕು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು ಅಂಕಿಗಳು ಬೇಕು.

ಬಾರ್ಲೊ ಅವರ ಮಾತಿನಲ್ಲಿ ಇನ್ನೂ ಹೆಚ್ಚು ತಪ್ಪಾದ ಭಾಗವೆಂದರೆ ನಿರುಪಯುಕ್ತ ಎಂಬುದು.

ಯಂತ್ರದೊಳಕ್ಕೆ ಪ್ರವೇಶ

ಗಣಕಯಂತ್ರಕ್ಕೆ ಪಗಡೆಯ ದಾಳ ಉರುಳಿಸಲು ಬಾರದು. ಯಾದೃಚ್ಛಿಕವೆಂದು ತೋರುವ ಸಂಖ್ಯೆಗಳನ್ನು ಅದು ಲೆಕ್ಕ ಮಾಡಿಯೇ ಹುಟ್ಟಿಸಬೇಕು. ಅಮೆರಿಕದ ಗಣಿತಜ್ಞ ಡಿ.ಎಚ್. ಲೆಹ್ಮರ್ 1949ರಲ್ಲಿ ಸೂಚಿಸಿದ ವಿಧಾನ ಸರಳ: ಒಂದು ಸಂಖ್ಯೆಯನ್ನು ಗೊತ್ತಾದ ಗುಣಕದಿಂದ ಗುಣಿಸಿ, ಇನ್ನೊಂದರಿಂದ ಭಾಗಿಸಿ, ಶೇಷವನ್ನು ಇಟ್ಟುಕೊಳ್ಳುವುದು; ಆ ಶೇಷವನ್ನೇ ಮತ್ತೆ ಗುಣಿಸುವುದು. ಭಾಜಕವನ್ನು ಆರಿಸುವುದರಲ್ಲಿ ಜಾಣತನ ಬೇಕು. ಎಂಟನ್ನು ಭಾಜಕವಾಗಿಟ್ಟು ಮೂರರಿಂದ ಗುಣಿಸುತ್ತ ಹೋದರೆ 1, 3, 1, 3 ಎಂದು ಎರಡೇ ಹೆಜ್ಜೆಗೆ ಗಾಣದ ಎತ್ತಿನಂತೆ ಸುತ್ತುತ್ತದೆ. ಅವಿಭಾಜ್ಯವಾದ ಏಳನ್ನು ಇಟ್ಟರೆ 1, 3, 2, 6, 4, 5 ಎಂದು ಆರೂ ಸಂಖ್ಯೆಗಳನ್ನು ಮುಟ್ಟಿದ ನಂತರವೇ ಒಂದಕ್ಕೆ ಮರಳುತ್ತದೆ.

2147483647 ಅನ್ನು ಭಾಜಕವಾಗಿಯೂ ಏಳರ ಐದನೇ ಘಾತವಾದ 16,807 ಅನ್ನು ಗುಣಕವಾಗಿಯೂ ಇಟ್ಟುಕೊಂಡರೆ ಒಂದರಿಂದ ಹೊರಟ ಸರಣಿ 16807, 282475249, 1622650073 ಎಂದು ಕುಪ್ಪಳಿಸುತ್ತ, ನಡುವಿನ ಇನ್ನೂರ ಹದಿನಾಲ್ಕು ಕೋಟಿಗೂ ಹೆಚ್ಚು ಸಂಖ್ಯೆಗಳನ್ನು ಒಂದನ್ನೂ ಬಿಡದೆ, ಒಂದನ್ನೂ ಎರಡು ಬಾರಿ ಮುಟ್ಟದೆ ಸಂದರ್ಶಿಸಿ ಬರುತ್ತದೆ. ಆಯ್ಲರ್ ಅವರ ಭಾಗಾಕಾರಗಳಲ್ಲಿ ಒಂದು ನಿಶ್ಶೇಷವಾಗಿದ್ದರೂ ಈ ಗುಣ ಇರುತ್ತಿರಲಿಲ್ಲ. ಐಬಿಎಂ ಯಂತ್ರಗಳಿಗಾಗಿ 1969ರಲ್ಲಿ ಬಳಕೆಗೆ ಬಂದ ಈ ಜೋಡಿ 2011ರ ಸಿ ಪ್ಲಸ್ ಪ್ಲಸ್ ಮಾನಕದಲ್ಲಿಯೂ ಸ್ಥಾನ ಪಡೆದಿದೆ. ಗುಪ್ತಪದ ತಯಾರಿಸಲು ಮಾತ್ರ ಇದು ತಕ್ಕುದಲ್ಲ. ಒಂದು ಸಂಖ್ಯೆ ತಿಳಿದರೆ ಮುಂದಿನದೆಲ್ಲವೂ ತಿಳಿಯುತ್ತದೆ.

ಆ ಯಂತ್ರಗಳಿಗೆ ಇದೇ ಸಂಖ್ಯೆ ಅನುಕೂಲವಾದುದಕ್ಕೆ ಇನ್ನೊಂದು ಕಾರಣವಿತ್ತು, ಅದೇ ಈಗ ಚಿಂತೆಯ ಮೂಲ. ಒಂದು ಪೂರ್ಣಾಂಕಕ್ಕೆ 32 ಬಿಟ್‌ಗಳು, ಅಂದರೆ 0 ಅಥವಾ 1 ಹಿಡಿಯುವ 32 ಮನೆಗಳು, ಎಂಬುದು ದೀರ್ಘಕಾಲ ರೂಢಿಯಲ್ಲಿದ್ದ ಅಳತೆ. ಅವುಗಳಲ್ಲಿ ಮೊದಲನೆಯದು ಧನವೋ ಋಣವೋ ಎಂಬ ಚಿಹ್ನೆಗೆ ಮೀಸಲು. ಉಳಿದ 31 ಮನೆಗಳಲ್ಲಿಯೂ ಒಂದು ತುಂಬಿದಾಗ ಬರುವ ಸಂಖ್ಯೆಯೇ ಗರಿಷ್ಠ. ಅದಕ್ಕೆ ಇನ್ನೊಂದನ್ನು ಕೂಡಿಸಿದರೆ ದಶಕ ಸಾಗಿಸಿದಂತೆ ಎಲ್ಲ ಒಂದುಗಳೂ ಸೊನ್ನೆಯಾಗಿ, ಸಾಗಿ ಬಂದ ಒಂದು ಚಿಹ್ನೆಯ ಮನೆಗೆ ಹೋಗಿ ಕೂರುತ್ತದೆ. ಸ್ಕೂಟರಿನ ಹಳೆಯ ಮೀಟರು 99999 ದಾಟಿದಾಗ ಸೊನ್ನೆಗೆ ಬರುತ್ತದೆ. ಇಲ್ಲಿ ಸೊನ್ನೆಗೂ ಅಲ್ಲ, ಋಣ 2,14,74,83,648ಕ್ಕೆ.

ಕೆಲವು ದತ್ತಾಂಶ ತಂತ್ರಾಂಶಗಳು ಹೀಗೆ ಉರುಳಲು ಬಿಡದೆ, ಗಡಿ ಮೀರಿದ ಯಾವುದೇ ಸಂಖ್ಯೆಯನ್ನು ಗಡಿಯಲ್ಲಿಯೇ ತಡೆದು ನಿಲ್ಲಿಸುತ್ತವೆ. ಭಾರತದ ಮೊಬೈಲ್ ಸಂಖ್ಯೆಗಳು 6, 7, 8 ಅಥವಾ 9ರಿಂದ ಆರಂಭವಾಗುವ ಹತ್ತಂಕಿಯವು. ಅತಿ ಚಿಕ್ಕದೂ ಆರುನೂರು ಕೋಟಿಗಿಂತ ಕಡಿಮೆಯಿಲ್ಲ. ಅವುಗಳನ್ನು 32 ಬಿಟ್‌ನ ಕಾಲಂನಲ್ಲಿ ತುಂಬಿಸಲು ಹೊರಟರೆ ಎಲ್ಲವೂ 2147483647 ಆಗುತ್ತವೆ. ಆರಂಭದಲ್ಲಿ ಹೇಳಿದ ಕಚೇರಿಯ ಪಟ್ಟಿಯ ರಹಸ್ಯ ಇಷ್ಟೇ. ಅಲ್ಲಿ ಕಳೆದುಹೋದದ್ದು ಕೆಲವು ಎಸ್‌ಎಂಎಸ್‌ಗಳು ಮಾತ್ರ.

ಎಲ್ಲ ಕಡೆಯೂ ಅಷ್ಟಕ್ಕೇ ಮುಗಿಯುವುದಿಲ್ಲ. ಬೋಯಿಂಗ್ 787 ವಿಮಾನಗಳ ವಿದ್ಯುತ್ ಜನರೇಟರ್‌ಗಳ ನಿಯಂತ್ರಣ ಘಟಕಗಳು ಸತತ 248 ದಿನ ಚಾಲನೆಯಲ್ಲಿದ್ದರೆ ಒಮ್ಮೆಲೇ ಸ್ಥಗಿತಗೊಂಡು ವಿಮಾನ ವಿದ್ಯುತ್ ಕಳೆದುಕೊಳ್ಳಬಹುದೆಂದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ 2015ರಲ್ಲಿ ಎಚ್ಚರಿಸಿ, ನಿಗದಿತ ಅವಧಿಯೊಳಗೆ ಅವುಗಳನ್ನು ಆರಿಸಿ ಮತ್ತೆ ಚಾಲನೆ ಮಾಡಬೇಕೆಂದು ಆದೇಶಿಸಿತು. 248 ಎಂಬುದು ಎಲ್ಲಿಂದ ಬಂತು? ಸೆಕೆಂಡಿನ ನೂರರಲ್ಲೊಂದು ಭಾಗವನ್ನು ಒಂದೊಂದಾಗಿ ಎಣಿಸುತ್ತ ಹೋದರೆ ನಮ್ಮ ಸಂಖ್ಯೆ ತಲುಪಲು ಹಿಡಿಯುವ ಕಾಲ 248 ದಿನ ಮತ್ತು ಅರ್ಧ. 2014ರ ಡಿಸೆಂಬರ್‌ನಲ್ಲಿ 'ಗಂಗ್ನಮ್ ಸ್ಟೈಲ್' ವಿಡಿಯೊ ನೋಡಿದವರ ಎಣಿಕೆ ಇದೇ ಗಡಿಯನ್ನು ಮುಟ್ಟಿದಾಗ ಯೂಟ್ಯೂಬ್ ತನ್ನ ಎಣಿಕೆಯನ್ನು 64 ಬಿಟ್‌ಗೆ ವಿಸ್ತರಿಸಿತು.

2038ರ ಬೆಳಗು

ಯುನಿಕ್ಸ್ ಮತ್ತು ಅದರ ಸಂತತಿಯ ಕಾರ್ಯಾಚರಣ ವ್ಯವಸ್ಥೆಗಳು ದಿನಾಂಕವನ್ನು ದಿನಾಂಕವಾಗಿ ನೆನಪಿಡುವುದಿಲ್ಲ. 1970ರ ಜನವರಿ 1ರ ಗ್ರೀನ್‌ವಿಚ್ ಮಧ್ಯರಾತ್ರಿಯಿಂದ, ನಮ್ಮ ಲೆಕ್ಕದಲ್ಲಿ ಅಂದಿನ ಬೆಳಿಗ್ಗೆ ಐದೂವರೆಯಿಂದ, ಎಷ್ಟು ಸೆಕೆಂಡುಗಳು ಕಳೆದಿವೆ ಎಂಬ ಒಂದೇ ಸಂಖ್ಯೆಯನ್ನು ಇಟ್ಟುಕೊಂಡು ಉಳಿದುದನ್ನು ಲೆಕ್ಕ ಹಾಕುತ್ತವೆ. ಆ ಸಂಖ್ಯೆಗೆ 32 ಬಿಟ್ ಕೊಟ್ಟಿದ್ದಲ್ಲಿ ಅದರ ಆಯುಸ್ಸು 68 ವರ್ಷ. ಮೊದಲೇ ಹೇಳಿದ ಮಂಗಳವಾರ ಬೆಳಿಗ್ಗೆ ಗಡಿ ಮುಟ್ಟಿ, ಮರುಕ್ಷಣದಲ್ಲಿ ಋಣ ಸಂಖ್ಯೆಗೆ ಉರುಳಿ, ಅಂತಹ ಗಡಿಯಾರ 1901ರ ಡಿಸೆಂಬರ್ 13ನ್ನು ತೋರಿಸತೊಡಗುತ್ತದೆ.

ಇನ್ನೂ ಕಾಲವಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಮುಂದಿನ ದಿನಾಂಕವನ್ನು ಇಂದೇ ಲೆಕ್ಕ ಹಾಕುವ ಕಡೆ ಕಾಲ ಈಗಾಗಲೇ ಮುಗಿದಿದೆ. ಇಪ್ಪತ್ತು ವರ್ಷದ ಗೃಹಸಾಲವನ್ನು 2018ರ ಜನವರಿ 19ರ ನಂತರ ಪಡೆದ ಪ್ರತಿಯೊಬ್ಬರ ಕೊನೆಯ ಕಂತೂ ಈ ಗಡಿಯ ಆಚೆಗೇ ಬೀಳುತ್ತದೆ. ವಿಮೆ, ಪಿಂಚಣಿಗಳ ಕಥೆಯೂ ಅದೇ. 2006ರ ಮೇ ತಿಂಗಳಲ್ಲಿಯೇ ಎಒಎಲ್ ಸರ್ವರ್ ಎಂಬ ತಂತ್ರಾಂಶ ಇದಕ್ಕೆ ಬಲಿಯಾದುದು ಒಂದು ವಿಚಿತ್ರ ಪ್ರಕರಣ. ಯಾವುದೋ ಕೆಲಸಕ್ಕೆ ಕಾಲಮಿತಿಯೇ ಬೇಡವೆಂದು ಸೂಚಿಸಲು ನೂರು ಕೋಟಿ ಸೆಕೆಂಡು ಕಾಯಿರಿ ಎಂದು ಬರೆದಿದ್ದರು. ಅಂದಿನ ಸಮಯಕ್ಕೆ ನೂರು ಕೋಟಿ ಕೂಡಿಸಿದ ಮೊತ್ತ 2147483647 ದಾಟಿದ ಕ್ಷಣದಿಂದ ಸರ್ವರ್‌ಗಳು ಕುಸಿಯತೊಡಗಿದವು. ಅವಧಿಗೆ 32 ವರ್ಷ ಮುಂಚೆಯೇ!

ಪರಿಹಾರ ಗೊತ್ತಿಲ್ಲವೆಂದಲ್ಲ. ಸೆಕೆಂಡುಗಳ ಎಣಿಕೆಗೆ 64 ಬಿಟ್ ಕೊಡುವುದೇ ಪರಿಹಾರ. ಇಂದಿನ ಮೇಜಿನ ಮೇಲಿನ ಗಣಕಯಂತ್ರಗಳಲ್ಲಿಯೂ ಹೊಸ ಮೊಬೈಲ್‌ಗಳಲ್ಲಿಯೂ ಅದು ಆಗಿದೆ. ಓಪನ್‌ಬಿಎಸ್‌ಡಿ 2014ರಲ್ಲಿ ಬದಲಾಯಿತು. ಲಿನಕ್ಸ್‌ನ ತಿರುಳು 32 ಬಿಟ್ ಯಂತ್ರಗಳಲ್ಲಿಯೂ ಇದಕ್ಕೆ ಅವಕಾಶ ಕೊಟ್ಟದ್ದು 2020ರ 5.6ನೇ ಆವೃತ್ತಿಯಲ್ಲಿ. ತೊಂದರೆ ಇರುವುದು ಯಾರ ಕಣ್ಣಿಗೂ ಬೀಳದ ಪುಟ್ಟ ಗಣಕಗಳಲ್ಲಿ: ಕಾರ್ಖಾನೆಯ ನಿಯಂತ್ರಕಗಳು, ಮೀಟರುಗಳು, ಗೋಡೆಗೆ ಮೊಳೆ ಹೊಡೆದು ಮರೆತುಬಿಟ್ಟ ರೌಟರ್‌ಗಳು. ಇವುಗಳ ತಂತ್ರಾಂಶವನ್ನು ಒಮ್ಮೆ ತುಂಬಿದವರು ಮತ್ತೆ ತಿರುಗಿ ನೋಡುವುದು ಅಪರೂಪ. ಹಳೆಯ ಕಡತಗಳಲ್ಲಿ 32 ಬಿಟ್‌ನ ದಿನಾಂಕಗಳಾಗಿ ಉಳಿದಿರುವ ದಾಖಲೆಗಳನ್ನು ಹೊಸ ಅಳತೆಗೆ ಬದಲಿಸುವ ಕೆಲಸವಂತೂ ಪ್ರತಿಯೊಂದು ಸಂಸ್ಥೆಯೂ ತಾನೇ ಮಾಡಿಕೊಳ್ಳಬೇಕಾದದ್ದು.

64 ಬಿಟ್‌ನ ಗಡಿ 63 ಒಂದುಗಳ ಸಾಲು, ಅಂದರೆ 9223372036854775807. ಸೆಕೆಂಡುಗಳ ಲೆಕ್ಕದಲ್ಲಿ ಅದು ಸುಮಾರು 29,200 ಕೋಟಿ ವರ್ಷಗಳಿಗೆ ಸಾಕು. ಆದರೆ ಆಯ್ಲರ್ ಅವರಿಗೆ ಅದರಲ್ಲಿ ಪರೀಕ್ಷಿಸಲು ಏನೂ ಇರುತ್ತಿರಲಿಲ್ಲ. 63 ಒಂದುಗಳನ್ನು ಮೂರು ಮೂರಾಗಿ 111 ಎಂದು ತುಂಡರಿಸಿದರೆ ಇಪ್ಪತ್ತೊಂದು ತುಂಡುಗಳಾಗುತ್ತವೆ. ಏಳರಿಂದ ಭಾಗಿಸಿದರೆ ಶೇಷ ಸೊನ್ನೆ.